ಮೂರು ತಾಯತಗಳ ಒಂದು ಪೆಟ್ಟಿಗೆ

‘ಕೆರಿಬಿಯನ್ ದ್ವೀಪಗಳ ರಕ್ಷಾ ತಾಯತಗಳು’ ಎಂಬ ಹೆಸರಿನಲ್ಲಿ ಜಾಲತಾಣವೊಂದು ಮಾರುತ್ತಿರುವ ಪೆಟ್ಟಿಗೆಯನ್ನು 1,850 ರೂಪಾಯಿ ಕೊಟ್ಟು ಬದಿಯಡ್ಕದ ನಮ್ಮ ಮನೆಗೆ ತರಿಸಿಕೊಂಡೆ. ತಲಪಲು 11 ದಿನ ಹಿಡಿಯಿತು, ಕಟ್ಟು ಭದ್ರವಾಗಿತ್ತು. ಒಳಗೆ ತೊಗಲಿನ ಚೀಲ, ಕೆಂಪು ಬಟ್ಟೆಯ ಗಂಟು, ಸೂಜಿ ಚುಚ್ಚಿದ ಗೊಂಬೆ ಮತ್ತು ಒಂದು ಕರಪತ್ರ ಇದ್ದವು. ನೂಲು ಕಟ್ಟಿಸಿಕೊಳ್ಳುವುದಕ್ಕಾಗಲಿ, ಏಲಸ್ಸೆಂಬ ಲೋಹದ ತಾಯತ ಧರಿಸುವುದಕ್ಕಾಗಲಿ, ಉಸ್ತಾದರಿಂದ ಉರುಕ್ಕೆಂಬ ತಾಯತ ಬರೆಯಿಸಿಕೊಳ್ಳುವುದಕ್ಕಾಗಲಿ ಕಾಸರಗೋಡಿನಲ್ಲಿ ಬರಗಾಲವೇನೂ ಇಲ್ಲದಿರುವಾಗ ಇದೇಕೆಂದು ಮನೆಯವರು ಕೇಳಿದ್ದು ಸಹಜವೇ. ನನ್ನದು ಕುತೂಹಲ ಮಾತ್ರ.

ಮೂರರಲ್ಲಿ ‘ಗ್ರಿಗ್ರಿ’ ಎಂಬ ತೊಗಲಿನ ಚೀಲವೇ ಮೇಲು. ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ ಅದರ ಅಂಚಿನ ಹೊಲಿಗೆ ಕೈಯದೇ ಎಂಬುದು ಅದರ ಡೊಂಕಿನಿಂದಲೇ ತಿಳಿಯುತ್ತದೆ. ಸೆನೆಗಲ್ ಮೊದಲಾದ ಪಶ್ಚಿಮ ಆಫ್ರಿಕದ ದೇಶಗಳಲ್ಲಿ ಮರಬೂ ಎನ್ನಿಸಿಕೊಳ್ಳುವ ಮುಸ್ಲಿಂ ಗುರುಗಳು ಕುರಾನಿನ ವಾಕ್ಯಗಳನ್ನು ಕೈಯಾರೆ ಬರೆದು, ಮಡಚಿ ಕೊಟ್ಟ ಕಾಗದವನ್ನು ತೊಗಲಿನೊಳಗೆ ಹೊಲಿಸಿಕೊಳ್ಳುವುದು ರೂಢಿ. ಸೆನೆಗಲಿನ ಕುಸ್ತಿಪಟುಗಳು ಇವನ್ನು ತೋಳಿಗೂ ಸೊಂಟಕ್ಕೂ ಬಿಗಿದುಕೊಂಡೇ ಅಖಾಡಕ್ಕಿಳಿಯುತ್ತಾರೆ. ಗುಲಾಮರ ಹಡಗುಗಳೊಂದಿಗೆ ಈ ಪದ್ಧತಿ ಅಟ್ಲಾಂಟಿಕ್ ದಾಟಿತು. ಬ್ರೆಜಿಲಿನ ಸಾಲ್ವಡೋರ್ ನಗರದಲ್ಲಿ 1835ರಲ್ಲಿ ದಂಗೆಯೆದ್ದವರ ಬಳಿ ಅರಬಿ ಬರಹದ ಇಂತಹ ತಾಯತಗಳು ದೊರೆತಿದ್ದವು. ಆದ್ದರಿಂದಲೇ, ತಾಯತ ಬಿಚ್ಚಬಾರದೆಂಬ ನಮ್ಮೂರಿನ ಮಾತನ್ನೂ ಮೀರಿ, ಹೊಲಿಗೆಯ ಒಂದು ಮೂಲೆಯನ್ನು ಬಿಚ್ಚಿ ನೋಡಿದೆ. ಒಳಗಿದ್ದುದು ಯಂತ್ರದಲ್ಲಿ ಮುದ್ರಿಸಿದ ನಕ್ಷತ್ರದ ಚಿತ್ರ. ಒದ್ದೆ ಬೆರಳು ತಾಗಿದ್ದೇ ಅದರ ನೀಲಿ ಮಸಿ ಬೆರಳಿಗೆ ಬಂತು. ಆಟಿ ತಿಂಗಳ ಮಳೆಗೆ ಎರಡೇ ವಾರದಲ್ಲಿ ತೊಗಲಿಗೆ ಬಿಳಿ ಬೂಷ್ಟು ಹಿಡಿಯಿತು. ತೊಗಲನ್ನು ಕಾಯುವ ಬಗೆಯನ್ನು ಕರಪತ್ರದಲ್ಲಿ ಒಂದು ಸಾಲಿನಲ್ಲಾದರೂ ತಿಳಿಸಬಹುದಿತ್ತು.

ಕೆಂಪು ಗಂಟು ‘ಮೋಜೋ’. ಇದು ಕೆರಿಬಿಯನ್ ವಸ್ತುವೇ ಅಲ್ಲ, ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರದ್ದು. ಒಬ್ಬರಿಗಾಗಿಯೇ ಕಟ್ಟಿ, ಆಗಾಗ ವಿಸ್ಕಿಯಂಥದ್ದನ್ನು ಚಿಮುಕಿಸಿ ಅದಕ್ಕೆ ‘ಉಣಿಸುವುದು’ ಅಲ್ಲಿನ ಕ್ರಮ. ಗಂಟಿನೊಳಗಿದ್ದ ‘ಹೈ ಜಾನ್’ ಬೇರು, ನಮ್ಮ ಗೆಣಸಿನ ಕುಲಕ್ಕೇ ಸೇರಿದ, ಸುಕ್ಕುಗಟ್ಟಿದ ಕಂದು ಗಡ್ಡೆ. ನನ್ನ ತಾಯಿಯವರು ಅದನ್ನು ಮೂಸಿ ನೋಡಿ, “ಇದು ಹೊಟ್ಟೆನೋವಿಗೆ ಒಳ್ಳೆಯದಿರಬಹುದು, ತೇದು ನೋಡುವ” ಎಂದು ಸಾಣೆಕಲ್ಲಿನ ಕಡೆಗೆ ಹೊರಟೇಬಿಟ್ಟಿದ್ದರು. ಹಳೆಯ ಪಾಶ್ಚಾತ್ಯ ವೈದ್ಯದಲ್ಲಿ ಜಲಾಪ್ ಎಂಬ ಹೆಸರಿನಿಂದ ಬಳಕೆಯಲ್ಲಿದ್ದ ಈ ಬೇರು ಅತ್ಯಂತ ತೀಕ್ಷ್ಣವಾದ ಭೇದಿಮದ್ದು. ಸೇವಿಸಬಾರದೆಂಬ ಎಚ್ಚರಿಕೆ ಪೆಟ್ಟಿಗೆಯ ಮೇಲಾಗಲಿ ಒಳಗಾಗಲಿ ಎಲ್ಲಿಯೂ ಇಲ್ಲದಿರುವುದು ಅಕ್ಷಮ್ಯ.

ಗೊಂಬೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಗೊಂಬೆಗೆ ಸೂಜಿ ಚುಚ್ಚುವ ಮಾಟ ಯೂರೋಪಿನಲ್ಲಿ ಬಹಳ ಹಿಂದಿನಿಂದ ಇದ್ದದ್ದು. ಅದನ್ನು ಕೆರಿಬಿಯನ್ ದೇಶವಾದ ಹೈಟಿಯ ತಲೆಗೆ ಕಟ್ಟಿದ್ದರಲ್ಲಿ ಸಿನಿಮಾದವರ ಪಾಲು ದೊಡ್ಡದು. ಬಣ್ಣದ ಬಟ್ಟೆಯಲ್ಲಿ ಸುತ್ತಿ, ರಿಬ್ಬನ್ನಿನಿಂದ ಬಿಗಿದು, ತುದಿಗೆ ಗರಿ ಸಿಕ್ಕಿಸಿದ ಹೈಟಿಯ ‘ಪಾಕೆ ಕೊಂಗೊ’ ಗಂಟನ್ನು ಕೊಟ್ಟಿದ್ದರೆ ಪೆಟ್ಟಿಗೆಯ ಹೆಸರಿಗಾದರೂ ಅರ್ಥ ಬರುತ್ತಿತ್ತು.

ಕರಪತ್ರದ ಭಾಷೆಯಂತೂ ‘ಕರಾಳ ವಿದ್ಯೆ’, ‘ಭಯಂಕರ ಶಕ್ತಿ’ ಎಂಬ ಮಾತುಗಳಿಂದಲೇ ತುಂಬಿದೆ. ಜಮೈಕಾದಲ್ಲಿ 1760ರಲ್ಲಿ ಟ್ಯಾಕಿ ಎಂಬ ಗುಲಾಮನ ಮುಂದಾಳ್ತನದಲ್ಲಿ ನಡೆದ ದಂಗೆಯಲ್ಲಿ, ಗುಂಡು ತಾಗದಂತೆ ಕಾಯುತ್ತದೆಂದು ನಂಬಿ ಓಬಿಯಾ ಎಂಬ ಮಂತ್ರವಿದ್ಯೆ ಬಲ್ಲವರು ಕೊಟ್ಟ ಪುಡಿಯನ್ನು ಪಡೆದ ಗುಲಾಮರು ತೋಟದೊಡೆಯರ ಮೇಲೆ ತಿರುಗಿಬಿದ್ದರು. ಬೆಚ್ಚಿದ ಒಡೆಯರು ಅದೇ ವರ್ಷ ಓಬಿಯಾವನ್ನು ನಿಷೇಧಿಸುವ ಕಾನೂನು ಮಾಡಿ, ಗರಿ, ನಾಯಿಹಲ್ಲು, ಗೋರಿಯ ಮಣ್ಣು, ಮೊಟ್ಟೆಯ ಚಿಪ್ಪುಗಳನ್ನೂ ಅದರಲ್ಲಿ ಹೆಸರಿಸಿದರು. ಅಂದಿನ ಆ ಒಡೆಯರ ಹೆದರಿಕೆಯೇ ಈ ಕರಪತ್ರದಲ್ಲಿ ಮಾರಾಟದ ಮಾತಾಗಿ ಬಂದಿದೆ.

ಹಣ ಮರಳಿ ಕೇಳಿದೆ. ಹೊಲಿಗೆ ಬಿಚ್ಚಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಉತ್ತರ ಬಂತು. ಅದು ನ್ಯಾಯವೇ ಸರಿ. ತೊಗಲಿನ ಚೀಲವೊಂದನ್ನೇ 400 ರೂಪಾಯಿಗೆ ಮಾರುವುದಾದರೆ ಕೊಳ್ಳಲಡ್ಡಿಯಿಲ್ಲ. ಪೆಟ್ಟಿಗೆಯನ್ನು ಇಡಿಯಾಗಿ ಯಾರಿಗೂ ಶಿಫಾರಸು ಮಾಡಲಾರೆ. ಚೀಲವನ್ನು ಒರೆಸಿ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವಲ್ಲಿ ತೂಗಹಾಕಿದ್ದೇನೆ. ಬೇರನ್ನು ತಾಯಿಯವರ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದೇನೆ.