ಟಾರ್ಟೆರಾ, ಇನ್ಫರ್ನೇಪ್, ಎಂಪೋಲಿಯನ್: ಮೂರನ್ನೂ ಸಾಕಿ ನೋಡಿದ ಮೇಲೂ ನನಗೆ ಆಮೆಯೇ ಇಷ್ಟ

ಕಳೆದ ವರ್ಷ ನಿಂಟೆಂಡೊ ಸ್ವಿಚ್‌ಗಾಗಿ ‘ಪೋಕೆಮಾನ್ ಬ್ರಿಲಿಯಂಟ್ ಡೈಮಂಡ್’ ಆಟದ, ಯಾರೋ ಆಡಿ ಮುಗಿಸಿದ ಕಾರ್ಟ್ರಿಜ್ ಒಂದನ್ನು 3,200 ರೂಪಾಯಿಗೆ ಕೊಂಡೆ. 2006ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಡೈಮಂಡ್’ಗೆ 2021ರಲ್ಲಿ ಕೊಟ್ಟ ಹೊಸ ರೂಪ ಇದು. ಕೊಟ್ಟ ಹಣ ವಸೂಲಾಗಲೇಬೇಕೆಂಬ ಹಟದಿಂದ, ಸ್ವಿಚ್‌ನಲ್ಲಿ ಪ್ರತಿ ಬಳಕೆದಾರರಿಗೂ ಬೇರೆ ಸೇವ್ ಇರುವ ಅನುಕೂಲವನ್ನು ಬಳಸಿಕೊಂಡು, ನನ್ನ ಹೆಸರಿನಲ್ಲೇ ಮೂರು ಪ್ರೊಫೈಲ್ ತೆರೆದು, ಆರಂಭದಲ್ಲಿ ಆಯ್ಕೆಗೆ ಸಿಗುವ ಮೂರೂ ಪೋಕೆಮಾನ್‌ಗಳೊಂದಿಗೆ (ಹಿಡಿದು, ಸಾಕಿ, ಕಾದಾಡಿಸುವ ಕಾಲ್ಪನಿಕ ಪ್ರಾಣಿಗಳು) ಆಟದ ಲೋಕವಾದ ಸಿನೋ ಪ್ರಾಂತ್ಯವನ್ನು ಮೂರು ಸಲ ಸುತ್ತಿದೆ. ಹೋಲಿಕೆಯೆಂದು ಬರೆಯುತ್ತಿದ್ದರೂ ನಾನು ನಿಷ್ಪಕ್ಷಪಾತಿಯಲ್ಲ. ಬೆನ್ನ ಮೇಲೆ ಮರ ಹೊತ್ತು ನಡೆಯುವ ಆಮೆ ಟಾರ್ಟೆರಾವೇ ಮೊದಲ ದಿನದಿಂದಲೂ ನನ್ನ ಮೆಚ್ಚಿನದು.

ಅದರ ತೂಕ 310 ಕಿಲೋ. ಹಿಂದಿನ ಕಾಲದ ಜನ ನೆಲದಡಿಯಲ್ಲಿ ಮಹಾಗಾತ್ರದ ಟಾರ್ಟೆರಾ ಒಂದಿದೆಯೆಂದು ಕಲ್ಪಿಸಿಕೊಂಡಿದ್ದರು ಎಂಬ ಮಾತು ಆಟದೊಳಗಿನ ಪ್ರಾಣಿಕೋಶವಾದ ಪೋಕೆಡೆಕ್ಸ್‌ನಲ್ಲೇ ಬರುತ್ತದೆ. ಆದಿಕೂರ್ಮದ ಕಥೆ ಕೇಳಿ ಬೆಳೆದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆಟದ ಲೆಕ್ಕದಲ್ಲಿಯೂ ಇದಕ್ಕೆ ಒಂದು ಮುನ್ನಡೆ ಇದೆ. ಇನ್ನೆರಡು, ಅಂದರೆ ಬೆಂಕಿಯ ಕೋತಿ ಇನ್ಫರ್ನೇಪ್ ಮತ್ತು ನೀರಿನ ಪೆಂಗ್ವಿನ್ ಎಂಪೋಲಿಯನ್, 36ನೇ ಲೆವೆಲ್‌ನಲ್ಲಿ ಪೂರ್ಣ ರೂಪಕ್ಕೆ ಬಂದರೆ, ಟಾರ್ಟೆರಾ 32ಕ್ಕೇ ಬರುತ್ತದೆ, ಬರುವಾಗಲೇ ‘ಅರ್ಥ್‌ಕ್ವೇಕ್’ ಎಂಬ ನೆಲದ ಏಟನ್ನು ಕಲಿತುಕೊಂಡು ಬರುತ್ತದೆ. ಕನಲೇವ್ ನಗರದ ಜಿಮ್‌ನಲ್ಲಿ (ಮುಖ್ಯಸ್ಥರನ್ನು ಸೋಲಿಸಿ ಬ್ಯಾಡ್ಜ್ ಗೆಲ್ಲುವ ಕಣ) ಮುಖ್ಯಸ್ಥ ಬೈರನ್‌ನ ಬ್ಯಾಸ್ಟಿಯೋಡಾನ್, ನೆಲದ ಏಟು ಆಗದ ಕಲ್ಲು ಮತ್ತು ಉಕ್ಕು ಎರಡೂ ಜಾತಿಗೆ ಸೇರಿದ್ದರಿಂದ ಅರ್ಥ್‌ಕ್ವೇಕ್ ಅದಕ್ಕೆ ನಾಲ್ಕು ಪಟ್ಟು ತಗಲುತ್ತದೆ. ಅಷ್ಟು ದೊಡ್ಡ ಗುರಾಣಿಮುಖದ ಪ್ರಾಣಿ ಅದರ ಮುಂದೆ ಮಲಗಿದ್ದನ್ನು ಕಂಡ ರಾತ್ರಿ ಕೊಟ್ಟ ಹಣದಲ್ಲಿ ಅರ್ಧ ವಸೂಲಾಯಿತು ಎನಿಸಿತು.

ಇನ್ನು ತೊಡಕಿನ ಮಾತು. ಹುಲ್ಲಿನ ಜಾತಿಗೂ ಹಿಮ ಆಗದು, ನೆಲದ ಜಾತಿಗೂ ಆಗದು. ಟಾರ್ಟೆರಾ ಎರಡಕ್ಕೂ ಸೇರಿದ್ದು. ಹಾಗಾಗಿ ಹಿಮದ ಏಟು ಅದಕ್ಕೆ ನಾಲ್ಕು ಪಟ್ಟು. ಕಾಗದದ ಮೇಲೆ ಇದು ಒಂದು ಸಾಲಿನ ದೋಷ. ಆದರೆ ಸಿನೋ ಪ್ರಾಂತ್ಯ ಜಪಾನಿನ ಹೊಕ್ಕೈಡೊ ದ್ವೀಪವನ್ನು ಮಾದರಿಯಾಗಿಟ್ಟುಕೊಂಡದ್ದು, ಅದರ ಉತ್ತರದ ತುದಿಯಲ್ಲಿರುವ ಸ್ನೋಪಾಯಿಂಟ್ ನಗರಕ್ಕೆ ಹೋಗದೆ ಏಳನೆಯ ಬ್ಯಾಡ್ಜ್ ಸಿಗುವುದಿಲ್ಲ. 217ನೇ ಮಾರ್ಗದಲ್ಲಿ ಕಾಲು ಹಿಮದಲ್ಲಿ ಹೂತು ನಡಿಗೆಯೇ ಸಾಗದು. ಮೇಲಿಂದ ಆಲಿಕಲ್ಲು ಬೀಳುತ್ತಿರುತ್ತದೆ, ಹಿಮದ ಜಾತಿಗೆ ಸೇರದ ಪೋಕೆಮಾನ್ ಪ್ರತಿ ಸರದಿಯ ಕೊನೆಗೂ ತನ್ನ ಪೂರ್ಣ ಎಚ್‌ಪಿಯ, ಅಂದರೆ ಜೀವಬಲದ, ಹದಿನಾರನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ.

ಅಲ್ಲಿನ ಜಿಮ್‌ನಲ್ಲಿ, ಹಿಮದ ಜಾತಿಯವನ್ನು ಸಾಕುವ ಮುಖ್ಯಸ್ಥೆ ಕ್ಯಾಂಡಿಸ್ ಮುಂದೆ ನಾನು ಮೂರು ಸಲ ಸೋತೆ. ಅವಳ ಸ್ನೀಸಲ್‌ನ ಮೂಲ ವೇಗ 115, ನನ್ನ ಆಮೆಯದು 56; ಮೊದಲ ಏಟು ಯಾರದು ಎಂದು ಕೇಳುವ ಅಗತ್ಯವೇ ಇಲ್ಲ. ಅವಳ ಇನ್ನೊಂದು ಪೋಕೆಮಾನ್ ಅಬೋಮಾಸ್ನೋ ಹುಲ್ಲಿನ ಜಾತಿಯೂ ಆಗಿರುವುದರಿಂದ ನನ್ನ ಅರ್ಥ್‌ಕ್ವೇಕ್ ಅದಕ್ಕೆ ಅರ್ಧದಷ್ಟೇ ತಗಲುತ್ತಿತ್ತು. ಮೂರನೆಯ ಸಲ ಮಾತ್ರ ಒಂದು ಪವಾಡ ನಡೆಯಿತು. ಒಡೆಯನ ಮೇಲೆ ಬಹಳ ಪ್ರೀತಿಯಿರುವ ಪೋಕೆಮಾನ್ ಕೆಲವೊಮ್ಮೆ ಸಾಯುವ ಏಟನ್ನೂ ತಡೆದುಕೊಂಡು 1 ಎಚ್‌ಪಿಯಲ್ಲಿ ನಿಲ್ಲುವ ವ್ಯವಸ್ಥೆ ಈ ಆಟದಲ್ಲಿದೆ. ನನ್ನ ಟಾರ್ಟೆರಾ ಹಾಗೆ ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಸರದಿ ಮುಗಿದು, ಆಲಿಕಲ್ಲು ಬಿದ್ದು, ಆ ಒಂದೂ ಹೋಯಿತು.

ಕೊನೆಗೆ ದಕ್ಷಿಣಕ್ಕೆ ಮರಳಿ, 206ನೇ ಮಾರ್ಗದಲ್ಲಿ ಪೋನಿಟಾ ಎಂಬ ಬೆಂಕಿಕುದುರೆಯನ್ನು ಹಿಡಿದು, ಎರಡು ರಾತ್ರಿ ಅದನ್ನೇ ಬೆಳೆಸಿ ಗೆದ್ದೆ. ಗಳಿಸಿದ ಅನುಭವ ಈ ಆಟದಲ್ಲಿ ತಂಡದ ಆರಕ್ಕೂ ತಾನಾಗಿ ಹಂಚಿಹೋಗುವುದರಿಂದ, ಎರಡನೆಯ ಬ್ಯಾಡ್ಜ್ ಸಿಕ್ಕ ಹೊತ್ತಿಗೇ ಅದನ್ನು ಹಿಡಿದಿಟ್ಟುಕೊಂಡಿದ್ದರೆ ಆ ಎರಡು ರಾತ್ರಿ ಉಳಿಯುತ್ತಿದ್ದವು. ತಪ್ಪು ಆಮೆಯದಲ್ಲ, ನನ್ನದು.

ಇನ್ಫರ್ನೇಪ್‌ನಲ್ಲಿ ಈ ಕಾಟವೇ ಇಲ್ಲ. ಅದೇ ಕ್ಯಾಂಡಿಸ್‌ಳನ್ನು ಅದು ಚಹಾ ಆರುವ ಮುನ್ನ ಮುಗಿಸಿತು. ಸಿನೋದಲ್ಲಿ ಬೆಂಕಿಯ ಪೋಕೆಮಾನ್‌ಗಳೇ ವಿರಳವಾದ್ದರಿಂದ ಬಲ್ಲವರೆಲ್ಲ ಇದನ್ನೇ ಆರಿಸಿ ಎನ್ನುತ್ತಾರೆ, ಆ ಸಲಹೆ ಸರಿಯಾದದ್ದೇ. ಆದರೆ ಅದು ಹೊಡೆದು ಓಡುವ ಜಾತಿ. ಏಟು ತಿಂದು ನಿಲ್ಲುವ ಮೈ ಅದಕ್ಕಿಲ್ಲ. ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆ, ಅರೆಗಣ್ಣಿನಲ್ಲಿ ಆಡುವ ನಾನು ಒಂದು ತಪ್ಪು ಗುಂಡಿ ಒತ್ತಿದರೂ ಆಮೆ ಕ್ಷಮಿಸುತ್ತದೆ, ಇನ್ಫರ್ನೇಪ್ ಕ್ಷಮಿಸುವುದಿಲ್ಲ.

ಎಂಪೋಲಿಯನ್ ಗಟ್ಟಿ, ಗಂಭೀರ, ಸ್ವಲ್ಪ ನೀರಸ. ಹಳೆಯ ‘ಡೈಮಂಡ್’ನಲ್ಲಿ ನೀರು ದಾಟಲು ಸ್ವಂತ ತಂಡದ ಪೋಕೆಮಾನ್‌ಗೆ ‘ಸರ್ಫ್’ ಕಲಿಸಬೇಕಿತ್ತು, ಆಗ ಇದಕ್ಕೆ ಬೆಲೆಯಿತ್ತು. ಹೊಸ ಆಟದಲ್ಲಿ ಕಾಡಿನ ಪೋಕೆಮಾನ್ ಬಂದು ದಾಟಿಸುವುದರಿಂದ ಆ ಅನುಕೂಲವೂ ಉಳಿದಿಲ್ಲ.

ಕೈಯಲ್ಲಿರುವ ಸಮಯ ಕಡಿಮೆ, ಕತೆ ಬೇಗ ಮುಗಿಯಬೇಕು ಎನ್ನುವವರು ಇನ್ಫರ್ನೇಪ್ ತೆಗೆದುಕೊಳ್ಳಲಿ. ಒಂದೇ ಆಟವನ್ನು ತಿಂಗಳುಗಟ್ಟಲೆ ಎಳೆದು ಆಡುವ, ವರ್ಷಕ್ಕೊಂದು ಕಾರ್ಟ್ರಿಜ್‌ಗಿಂತ ಹೆಚ್ಚು ಕೊಳ್ಳದ ನನ್ನಂಥವರಿಗೆ ಟಾರ್ಟೆರಾವೇ ಸರಿ, ಜೊತೆಗೊಂದು ಪೋನಿಟಾ. ನಾವು ನೀರಿನದನ್ನು ಆರಿಸಿಕೊಂಡರೆ ಎದುರಾಳಿ ಬ್ಯಾರಿ ಹುಲ್ಲಿನದನ್ನು ಒಯ್ಯುತ್ತಾನೆ. ಹೀಗಾಗಿ ಮೂರನೆಯ ಸುತ್ತಿನ ಕೊನೆಯಲ್ಲಿ, ಆಟದ ಅಂತಿಮ ಕಣವಾದ ಪೋಕೆಮಾನ್ ಲೀಗ್‌ನ ಬಾಗಿಲಲ್ಲಿ, ಟಾರ್ಟೆರಾ ನನ್ನ ಎದುರಿಗೇ ಬಂದು ನಿಂತಿತು. ಎಂಪೋಲಿಯನ್‌ಗೆ ‘ಐಸ್ ಬೀಮ್’ ಎಂಬ ಹಿಮದ ಏಟನ್ನು ಕಲಿಸಿಟ್ಟಿದ್ದೆ. ಒಂದೇ ಏಟು ಸಾಕೆಂದು ಗೊತ್ತಿದ್ದೂ ‘ಸರ್ಫ್’ ಒತ್ತಿದೆ, ಆ ಸುತ್ತು ಸೋತೆ.