ಕ್ಯಾರವಾನಿಗೆ ಸನ್ ಕ್ಯಾನಪಿ ಕೊಳ್ಳೋ ಮುಂಚೆ ನನ್ನ ಕಥೆ ಕೇಳಿ

ಮೇ ಕೊನೆಯ ಸ್ಕೂಲ್ ರಜೆಗೆ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ಗಾಡಿ) ಕಟ್ಟಿಕೊಂಡು ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋಗಿದ್ದ ಫೋಟೋ ಕಳಿಸಿದ ಮೇಲೆ ಇಲ್ಲಿನ ನಾಲ್ಕೈದು ಕನ್ನಡದ ಮನೆಗಳಿಂದ ಫೋನ್ ಬಂತು. "ಕ್ಯಾರವಾನ್ ಮುಂದೆ ಶಾಮಿಯಾನ ಹಾಕಿದೀರಲ್ಲ, ಎಷ್ಟಾಯ್ತು? ಎಲ್ಲಿ ತಗೊಂಡ್ರಿ?" ಆ ಫೋಟೋ ಮೊದಲ ದಿನದ್ದು. ಮೂರನೇ ದಿನದ್ದನ್ನ ಯಾರಿಗೂ ಕಳಿಸಿಲ್ಲ. ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ ಬಿಡಿ.

ನಾವಿರುವುದು ರೆಡಿಂಗ್‌ನಲ್ಲಿ. 2021ರ ಡಿಸೆಂಬರ್‌ನಿಂದ ಬ್ರಿಟನ್ನಿನ ಮಾಮೂಲಿ ಕಾರ್ ಲೈಸೆನ್ಸ್‌ನಲ್ಲೇ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು ಅಂತಾದ ಮೇಲೆ ನಮ್ಮಂಥವರಿಗೂ ಧೈರ್ಯ ಬಂತಲ್ಲ, ಹಾಗೆ ನಾವೂ ನಾಲ್ಕು ಜನ ಮಲಗುವ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡೆವು. ಊರಿಂದ ಅಮ್ಮ ಬರುವವರಿದ್ದರು. ಅವರು ಹೊರಗೆ ನೆರಳಲ್ಲಿ ಕೂತು ಕಾಫಿ ಕುಡಿಯಲಿ ಅಂತ ನನಗೆ ಸನ್ ಕ್ಯಾನಪಿಯ ಆಸೆ ಹುಟ್ಟಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೂರ್ತಿ ಆನಿಂಗ್ ಅಂದರೆ ಗೋಡೆ, ಕಿಟಕಿ, ಜಿಪ್ ಎಲ್ಲ ಇರುವ ಬಟ್ಟೆಯ ಕೋಣೆ. ಸನ್ ಕ್ಯಾನಪಿಗೆ ಮೇಲೊಂದು ಮಾಡು, ಎರಡು ಪಕ್ಕದಲ್ಲಿ ತುಂಡು ಗೋಡೆ, ಅಷ್ಟೇ. ಮುಂದೆ ಬಯಲು. ಕ್ಯಾರವಾನಿನ ಬಾಗಿಲ ಕಡೆ ಮುಂದಿನ ಮೂಲೆಯಿಂದ ಮೇಲೆ ಹತ್ತಿ, ಚಾವಣಿಯ ಅಂಚಲ್ಲಿ ಹಾದು, ಹಿಂದಿನ ಮೂಲೆಗೆ ಇಳಿಯುವ ಒಂದು ಅಲ್ಯೂಮಿನಿಯಂ ರೈಲ್ ಇರುತ್ತದೆ. ಬಟ್ಟೆಯ ಅಂಚಿಗೆ ಹೊಲಿದ ಹಗ್ಗದಂಥ ದಪ್ಪ ಪಟ್ಟಿಯನ್ನು ಆ ರೈಲಿನ ಸೀಳಿಗೆ ತೂರಿಸಿ ಎಳೆಯಬೇಕು. ಪರದೆಗೆ ನಾಡಾ ಹಾಕಿದ ಹಾಗೆ.

ಇನ್ನು ನನ್ನ ಜಂಭದ ವಿಷಯ. ನಮ್ಮ ಸೋದರಮಾವನದು ಅರಸೀಕೆರೆಯಲ್ಲಿ ಶಾಮಿಯಾನದ ಅಂಗಡಿ ಇತ್ತು. ಬೇಸಿಗೆ ರಜೆಯಲ್ಲಿ ಎಷ್ಟೋ ಮದುವೆಗೆ ಗೂಟ ಹೊಡೆದವನು ನಾನು. ಇದೇನು ಮಹಾ ಅಂದುಕೊಂಡೆ. ಮಾರ್ಚಿಯಲ್ಲಿ ಎಲ್ಲೋ ಸೇಲ್ ಇತ್ತು, 140 ಪೌಂಡಿಗೆ ಒಂದು ಆರ್ಡರ್ ಮಾಡಿಬಿಟ್ಟೆ.

ಆರ್ಡರ್ ಮಾಡುವಾಗ 'ಎ-ಸೈಜು' ಕೇಳುತ್ತಾರೆ. ಕ್ಯಾರವಾನಿನ ಉದ್ದ ಅಲ್ಲ ಅದು. ಮುಂದಿನ ಮೂಲೆಯ ನೆಲದಿಂದ ಶುರು ಮಾಡಿ, ರೈಲ್ ಹೋದ ದಾರಿಯಲ್ಲೇ ಹೋಗಿ, ಹಿಂದಿನ ಮೂಲೆಯ ನೆಲ ಮುಟ್ಟುವವರೆಗಿನ ಅಳತೆ. ಸೆಂಟಿಮೀಟರಿನಲ್ಲಿ. ನಾನು ಅಳೆದದ್ದು ಮನೆ ಮುಂದಿನ ಇಳಿಜಾರಿನಲ್ಲಿ, ಒಬ್ಬನೇ, ಗೋಡೆಗೆ ಮೊಳೆ ಹೊಡೆಯುವಾಗ ಬಳಸುವ ಕಬ್ಬಿಣದ ಟೇಪಿನಲ್ಲಿ. ಆ ಟೇಪು ತಿರುವಿನಲ್ಲಿ ಬಗ್ಗುತ್ತದಾ? ಇಲ್ಲ. ಮೂಲೆ ಮೂಲೆಯಲ್ಲೂ ಗಾಳಿಯಲ್ಲೇ ನಿಂತಿತ್ತು. 945 ಬಂತು. 925ರಿಂದ 950ರ ಸೈಜಿನದು ತರಿಸಿದೆ. ನಿಜವಾದ ಅಳತೆ 912 ಅಂತ ಆಮೇಲೆ ಗೊತ್ತಾಯಿತು. ನನ್ನ ಹೆಂಡತಿ ತಯಾರಕರ ಪಟ್ಟಿಯಲ್ಲಿ ನಮ್ಮ ಕ್ಯಾರವಾನಿನ ಮಾಡೆಲ್ಲೂ ವರ್ಷವೂ ಹಾಕಿ ಐದೇ ನಿಮಿಷದಲ್ಲಿ ಹುಡುಕಿದಳು. ಆ ಐದು ನಿಮಿಷ ನನಗೆ ಮಾರ್ಚಿಯಲ್ಲಿ ಇರಲಿಲ್ಲ ನೋಡಿ.

ನೀವು ಅಳೆಯುವುದಾದರೆ ಮೊದಲು ಕ್ಯಾರವಾನನ್ನು ಸಮತಟ್ಟು ಮಾಡಿ. ಆಮೇಲೆ ರೈಲಿನ ಸೀಳಿನೊಳಗೇ ಒಂದು ತೆಳ್ಳನೆಯ ಬಟ್ಟೆ ಒಣಹಾಕುವ ಹಗ್ಗ ಎಳೆಯಿರಿ, ಎರಡೂ ತುದಿ ನೆಲ ಮುಟ್ಟಲಿ, ಗುರುತು ಹಾಕಿ, ಹೊರಗೆ ತೆಗೆದು ಹಗ್ಗವನ್ನು ಅಳೆಯಿರಿ. ಪಟ್ಟಿಯ ಅಂಕಿಗೆ ಹೊಂದುತ್ತಾ ನೋಡಿ. ಹೊಂದದಿದ್ದರೆ ಇನ್ನೊಂದು ಸಲ ಅಳೆಯಿರಿ.

ಎರಡನೇ ತಪ್ಪು ಇನ್ನೂ ಪೆದ್ದುತನದ್ದು. ಬಂದ ಚೀಲವನ್ನು ಬಿಚ್ಚಲೇ ಇಲ್ಲ. ಶೆಡ್ಡಿನಲ್ಲಿ ಎರಡು ತಿಂಗಳು ಇಟ್ಟೆ. ಆನ್‌ಲೈನ್‌ನಲ್ಲಿ ಕೊಂಡ ವಸ್ತು ಬೇಡ ಅನ್ನಿಸಿದರೆ ಇಲ್ಲಿ ಕೈಗೆ ಬಂದ ಮೇಲೆ 14 ದಿನ ಟೈಮ್ ಇರುತ್ತದೆ. ವಸ್ತುವಿನಲ್ಲೇ ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ನನ್ನದರಲ್ಲಿ ದೋಷ ಇರಲಿಲ್ಲ, ದೋಷ ಅಳೆದವನದು. ಬಂದ ವಾರವೇ ಮನೆ ಮುಂದೆ ಒಂದು ಸಲ ಕಟ್ಟಿ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಸರಿ, ಹೊರಟೆವು. ಎಮ್4, ಎಮ್5 ಹೆದ್ದಾರಿಯಲ್ಲಿ, ಕ್ಯಾರವಾನ್ ಎಳೆಯುತ್ತಾ ಗಂಟೆಗೆ 60 ಮೈಲಿ ಮೀರದೆ, ಬ್ಯೂಡ್ ಹತ್ತಿರ ಸಮುದ್ರದ ಪಕ್ಕ, ಕ್ಯಾರವಾನ್ ನಿಲ್ಲಿಸುವ ಒಂದು ಸೈಟಿಗೆ. ಕಟ್ಟುವಾಗಲೇ ಅನುಮಾನ ಬಂತು. ಬಟ್ಟೆಯ ಮೂಲೆಯ ಹೊಲಿಗೆ ರೈಲಿನ ತಿರುವಿಗೆ ಕೂರಬೇಕು. ನಮ್ಮದು ಒಂದು ಗೇಣು ಕೆಳಗೆ ಬಂದಿತ್ತು. ಪಕ್ಕದ ತುಂಡು ಗೋಡೆಗಳು ನೆಲದ ಮೇಲೆ ಹಾಸಿಕೊಂಡವು, ಮಾಡು ಮಾತ್ರ ಸಡಿಲ. ಎಷ್ಟು ಬಿಗಿದರೂ ನಡುವೆ ಜೋಲು ಬೀಳುತ್ತಿತ್ತು. ಜೊತೆಗೆ ಕೊಟ್ಟ ಗೂಟಗಳೋ, ತಂತಿಯವು. ಜಲ್ಲಿ ತುಂಬಿ ಗಟ್ಟಿ ಮಾಡಿದ ಜಾಗಕ್ಕೆ ಹೊಡೆದರೆ ಹೇರ್‌ಪಿನ್ನಿನಂತೆ ಮಡಚಿಕೊಂಡವು. ಅಂಥ ಜಾಗಕ್ಕೆ ದಪ್ಪ ಕಬ್ಬಿಣದ ರಾಕ್ ಪೆಗ್ ಬೇರೆಯೇ ಸಿಗುತ್ತವೆ, ಅದನ್ನ ಬೇರೆಯಾಗೇ ಕೊಳ್ಳಬೇಕು.

ಅಮ್ಮ ಒಂದು ಕಂಬ ಹಿಡಿದು ಅಲ್ಲಾಡಿಸಿ ನೋಡಿದರು. "ನಿಮ್ಮ ಮಾವ ಇದನ್ನ ನೋಡಿದ್ರೆ ಬೈತಿದ್ದ ಕಣೋ" ಅಂದರು. ನಾನು ನಕ್ಕೆ. ಫೋಟೋ ತೆಗೆದದ್ದು ಆಗಲೇ.

ನೆರಳಿನ ವಿಷಯದಲ್ಲೂ ಮೋಸ ಹೋದೆ. ಮೋಸ ಮಾಡಿದ್ದು ಯಾರೂ ಅಲ್ಲ, ನನ್ನ ತಲೆಯಲ್ಲಿದ್ದ ಅರಸೀಕೆರೆಯ ಸೂರ್ಯ. ನಮ್ಮೂರಲ್ಲಿ ಬೇಸಿಗೆಯ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಚಪ್ಪರ ಹಾಕಿದರೆ ನೆರಳು ಅದರ ಬುಡಕ್ಕೇ ಬೀಳುತ್ತದೆ. ಕಾರ್ನ್‌ವಾಲಿನಲ್ಲಿ ಮೇ ಕೊನೆಗೂ ಅವನು ಸುಮಾರು 60 ಡಿಗ್ರಿಗಿಂತ ಹೆಚ್ಚೇನೂ ಏರುವುದಿಲ್ಲ. ಸಂಜೆ ಆರಕ್ಕೆ 30ಕ್ಕಿಂತ ಕೆಳಗೆ. ಎರಡು ಮೀಟರ್ ಎತ್ತರದ ಕ್ಯಾನಪಿಯ ಮುಂದಿನ ಅಂಚಿನ ನೆರಳು ಆಗ ಮೂರೂವರೆ ಮೀಟರ್ ಹಿಂದಕ್ಕೆ ಹೋಗುತ್ತದೆ. ನಮ್ಮ ಕ್ಯಾನಪಿಯ ಆಳ 2.4 ಮೀಟರ್. ಅಂದರೆ ಬಾಗಿಲು ಪಡುವಣಕ್ಕಿದ್ದರೆ ಬಿಸಿಲು ಕ್ಯಾನಪಿಯ ಕೆಳಗಿಂದ ನುಗ್ಗಿ ನೇರ ಮುಖಕ್ಕೆ. ಕತ್ತಲಾಗುವುದು ಒಂಬತ್ತರ ಮೇಲೆ. ಅಮ್ಮ ಮೂರು ಗಂಟೆ ಕಾಲ ಸೆರಗನ್ನು ಹಣೆಗೆ ಅಡ್ಡ ಹಿಡಿದು ಕೂತಿದ್ದರು.

ಕ್ಯಾರವಾನ್ ತಿರುಗಿಸಿ ನಿಲ್ಲಿಸಿದರಾಯ್ತು ಅಂತೀರಾ? ಬ್ರಿಟಿಷ್ ಕ್ಯಾರವಾನಿಗೆ ಬಾಗಿಲು ಎಡಗಡೆ, ರೈಲ್ ಬಳಸುವುದೂ ಅದೇ ಕಡೆ. ಪಕ್ಕದ ಕ್ಯಾರವಾನಿಗೆ 6 ಮೀಟರ್ ದೂರ ಬಿಡಬೇಕು, ಆನಿಂಗ್ ಹಾಕಿದ ಮೇಲೂ ನಡುವೆ 3 ಮೀಟರ್ ಖಾಲಿ ಇರಬೇಕು. ಬೆಂಕಿ ಹತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಬ್ಬಬಾರದು ಅಂತ. ಹಾಗಾಗಿ ನಮ್ಮ ಸೈಟಿನಲ್ಲಿ ಎಲ್ಲಿ, ಹೇಗೆ ನಿಲ್ಲಬೇಕು ಅನ್ನುವುದನ್ನ ಅವರೇ ಹೇಳಿದರು. ನಮ್ಮ ಬಾಗಿಲು ಸಮುದ್ರಕ್ಕೆ, ಅಂದರೆ ಪಡುವಣಕ್ಕೇ ಬಂತು. ಸಂಜೆಯ ನೆರಳು ಬೇಕಿದ್ದರೆ ಮುಂದಿನ ಗೋಡೆಯನ್ನೂ ಜೋಡಿಸಲು ಬರುವಂಥದ್ದನ್ನೇ ನೋಡಿ. ಬರೀ ಮಾಡು ಸಾಲದು.

ಮೂರನೇ ದಿನ ಸೋಮವಾರ. ಗಾಳಿ ಏರುತ್ತೆ ಅಂತ ಫೋನಿನಲ್ಲಿ ತೋರಿಸುತ್ತಿತ್ತು, ಗಂಟೆಗೆ 40 ಕಿಲೋಮೀಟರ್ ದಾಟಿ. ಗಾಳಿಯ ಬೋಫರ್ಟ್ ಲೆಕ್ಕದಲ್ಲಿ ಅದು ಆರನೇ ಮೆಟ್ಟಿಲು, ಕೊಡೆ ಹಿಡಿದು ನಡೆಯುವುದು ಕಷ್ಟ ಅಂತ ಅದಕ್ಕೆ ವಿವರಣೆ. ಕೊಡೆಯೇ ನಿಲ್ಲದ ಗಾಳಿಯಲ್ಲಿ ಮುಂದೆ ಬಾಯಿ ತೆರೆದ ಇಷ್ಟಗಲದ ಬಟ್ಟೆ ನಿಲ್ಲುತ್ತಾ? ಪಕ್ಕದ ಯಾರ್ಕ್‌ಷೈರಿನ ಅಜ್ಜ ಸಂಜೆಗೇ ತಮ್ಮದನ್ನು ಬಿಚ್ಚಿ ಮಡಚಿಟ್ಟರು. ನನಗೂ ಹೇಳಿದರು. ಊಟ ಮಾಡಿ ಬಿಚ್ಚುತ್ತೇನೆ ಅಂದೆ. ಊಟ ಆಯಿತು, ಮಳೆ ಬಂತು, ಮಳೆಯಲ್ಲಿ ಯಾಕೆ ಅಂತ ಮಲಗಿದೆ.

ರಾತ್ರಿ ಒಂದೂವರೆಗೆ ಇವಳು ಎಬ್ಬಿಸಿದಳು. "ರೀ, ಏಳ್ರೀ, ಹೊರಗೆ ಏನೋ ನರಳ್ತಾ ಇದೆ."

ಟಾರ್ಚ್ ಬಿಟ್ಟು ನೋಡಿದರೆ ಬಟ್ಟೆ ನಡುವೆ ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ ಜೋತಿತ್ತು. ಸಡಿಲ ಇದ್ದ ಜಾಗದಲ್ಲೆಲ್ಲ ನೀರು. ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕೆಜಿ. ಅಲ್ಲಿದ್ದದ್ದು ಒಂದು ಮೂಟೆ ಅಕ್ಕಿಗಿಂತ ಜಾಸ್ತಿಯೇ. ಅದನ್ನು ಹೊತ್ತಿದ್ದು ಹೆಬ್ಬೆರಳು ದಪ್ಪದ ತೆಳ್ಳನೆಯ ಪೈಪು, ನಡುವೆ ಒಂದು ಅಡ್ಡ ಕಂಬವೂ ಇಲ್ಲ. ಅಜ್ಜನದರಲ್ಲಿ ನಡುವೆಯೇ ಎರಡು ಜಾಸ್ತಿ ಕಂಬ ಇದ್ದವು. ಅದು ಯಾಕೆ ಅಂತ ಆಗ ಹೊಳೆಯಿತು.

ಮಾವನ ಹುಡುಗರು ಇಂಥ ಹೊತ್ತಲ್ಲಿ ಬಿದಿರ ಗಳದಿಂದ ಶಾಮಿಯಾನವನ್ನು ಕೆಳಗಿಂದ ಮೇಲಕ್ಕೆತ್ತಿ ನೀರು ಚೆಲ್ಲುತ್ತಿದ್ದರು. ನಾನೂ ಪೊರಕೆ ತಂದು ಎತ್ತಿದೆ. ನೀರು ಹೊರಗೆ ಹೋಗಲಿಲ್ಲ. ಗುಳುಗುಳು ಅಂತ ಮೂಲೆಗೆ ಓಡಿತು. ಅಲ್ಲಿಯ ಕಾಲು ಮೊಣಕಾಲಿನ ಹಾಗೆ ಮಡಚಿತು. ಅದೇ ಹೊತ್ತಿಗೆ ಕೆಳಗಿಂದ ಗಾಳಿ. ಮೇಲೆ ಟಪ್, ಟಪ್, ಟಪ್ ಅಂತ ಮೂರು ಸದ್ದು. ಹಗ್ಗ ಕಿತ್ತಿರಬೇಕು ಅಂದುಕೊಂಡೆ. ರೈಲಿನ ಸ್ಕ್ರೂಗಳು.

ಇದೊಂದು ನನ್ನ ತಲೆಗೆ ಹೋಗಿರಲೇ ಇಲ್ಲ. ಶಾಮಿಯಾನ ಬಿದ್ದರೆ ತಾನೊಂದೇ ಬೀಳುತ್ತದೆ, ಮದುವೆ ಮನೆಯ ಗೋಡೆಗೇನೂ ಆಗುವುದಿಲ್ಲ. ಕ್ಯಾನಪಿ ಕ್ಯಾರವಾನಿನ ಮೈಗೇ ಸಿಕ್ಕಿಕೊಂಡಿರುತ್ತದೆ. ಬೀಳುವಾಗ ಚರ್ಮ ಸಮೇತ ಕೀಳುತ್ತದೆ. ರೈಲಿನ ಹಿಂದೆ ನೀರು ಒಳಗೆ ಹೋಗದ ಹಾಗೆ ಅಂಟಿನ ಪಟ್ಟಿ ಹಚ್ಚಿರುತ್ತಾರೆ. ಅದು ಒಂದು ಮೊಳದಷ್ಟು ಬಾಯಿ ಬಿಟ್ಟಿತ್ತು. ಆ ಸಂದಿಗೆ ಬೆಳಗಿನವರೆಗೂ ಮಳೆ ಹೊಡೆಯಿತು.

ಬೆಳಿಗ್ಗೆ ಅಜ್ಜ ಬಂದು ಜಲನಿರೋಧಕ ಟೇಪ್ ಹಚ್ಚಿಕೊಟ್ಟರು. 'ನಾನು ಹೇಳಿದ್ದೆ' ಅಂತ ಒಂದು ಮಾತೂ ಅನ್ನಲಿಲ್ಲ. ಅವರು ದನಿ ಏರಿಸಿದ್ದು ಒಂದೇ ಸಲ. ಮಳೆ ನಿಂತಿಲ್ಲ, ಚಳಿ ಅಂತ ನಾನು ಇದ್ದಿಲಿನ ಬಾರ್ಬೆಕ್ಯೂ ಒಲೆಯನ್ನು ಉಳಿದ ಬಟ್ಟೆಯ ಮರೆಗೆ, ಬಾಗಿಲ ಬಳಿ ತಂದಾಗ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡ ಆರಿದ ಹಾಗೆ ಕಂಡರೂ ಅದು ಬರುತ್ತಲೇ ಇರುತ್ತದೆ. ಆನಿಂಗ್ ಒಳಗೆ, ಟೆಂಟಿನೊಳಗೆ ಒಲೆ ತಂದಿಟ್ಟುಕೊಂಡು ಮಲಗಿದವರು ಏಳದೇ ಹೋದದ್ದುಂಟು. ಕ್ಯಾನಪಿಗೆ ಮುಂದೆ ಗೋಡೆ ಇಲ್ಲವಲ್ಲ ಅಂತ ಸಲೀಸು ಮಾಡಿಕೊಳ್ಳಬೇಡಿ. ಇದನ್ನಂತೂ ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ.

ಮನೆಗೆ ಬಂದು ರಿಪೇರಿಯವರನ್ನು ಕರೆಸಿದೆ. ಡ್ಯಾಂಪ್ ಮೀಟರ್ ಅಂತ ಎರಡು ಮುಳ್ಳಿನ ಸಣ್ಣ ಯಂತ್ರ. ಒಳಗಿನ ಗೋಡೆಗೆ ಒತ್ತಿದರೆ ಎಷ್ಟು ತೇವ ಇದೆ ಅಂತ ತೋರಿಸುತ್ತದೆ. ಶೇಕಡಾ 15ರ ಒಳಗಿದ್ದರೆ ನಿಶ್ಚಿಂತೆ, 20 ದಾಟಿದರೆ ಯೋಚನೆ, 30 ದಾಟಿದರೆ ಒಳಗಿನ ಮರ ಕೊಳೆಯುತ್ತಿದೆ ಅಂತ ಲೆಕ್ಕ. ನಮ್ಮ ಮೂಲೆಯ ಕಪಾಟಿನೊಳಗೆ 24. ರೈಲ್ ಪೂರ್ತಿ ಬಿಚ್ಚಿ, ಹಳೇ ಅಂಟು ಕೆರೆದು, ಹೊಸದು ಹಚ್ಚಿ ಕೂರಿಸಿದ್ದಕ್ಕೆ 480 ಪೌಂಡ್. ನನ್ನ ವಿಮೆಯ ಕಾಗದ ಓದಿದೆ, ಆನಿಂಗ್‌ನಿಂದ ಗಾಳಿಗೆ ಆದ ಹಾನಿ ಅದರಲ್ಲಿ ಸೇರಿಲ್ಲ. ನಿಮ್ಮದರಲ್ಲಿ ಏನಿದೆ ಅಂತ ಹೊರಡೋ ಮುಂಚೆ ಓದಿ.

ಹಾಗಾದರೆ ಕ್ಯಾರವಾನಿಗೇ ಜೋಡಿಸಿದ ಪೆಟ್ಟಿಗೆಯೊಳಗೆ ಸುತ್ತಿಡುವ ಕ್ಯಾಸೆಟ್ ಆನಿಂಗ್ ತಗೊಳ್ಳಲಾ ಅಂತ ಮೊನ್ನೆ ಒಬ್ಬರು ಕೇಳಿದರು. ಕಟ್ಟುವುದು ಬಿಚ್ಚುವುದು ಸಲೀಸು, ಗಾಳಿ ಬಂದರೆ ಎರಡು ನಿಮಿಷದಲ್ಲಿ ಒಳಗೆ. ಆದರೆ ಅದರ ತೂಕ ಸಾಮಾನ್ಯವಾಗಿ 20 ಕೆಜಿ ಮೇಲೆಯೇ, ಅದೂ ಒಂದೇ ಪಕ್ಕಕ್ಕೆ, ಮೇಲ್ಗಡೆ. ಕ್ಯಾರವಾನಿನಲ್ಲಿ ಸಾಮಾನಿಗೆ ಅಂತ ಬಿಟ್ಟಿರುವ ತೂಕವೇ ಕಮ್ಮಿ. ನಮ್ಮದರಲ್ಲಿ 150 ಕೆಜಿ. ಅದರೊಳಗೇ ಗ್ಯಾಸ್, ಬ್ಯಾಟರಿ, ಪಾತ್ರೆ, ಅಕ್ಕಿ, ಅಮ್ಮನ ಕುಕ್ಕರ್ ಎಲ್ಲ ಬರಬೇಕು. ಕ್ಯಾರವಾನಿನ ತೂಕದ ಫಲಕ ನೋಡಿ ಲೆಕ್ಕ ಹಾಕಿ, ಆಮೇಲೆ ಮುಂದುವರಿಯಿರಿ.

ಇನ್ನು, ನನ್ನ ಹಳೇ ಕ್ಯಾನಪಿ ಎರವಲು ಸಿಗುತ್ತಾ ಅಂತ ಕೇಳುವವರಿಗೆ: ಬಟ್ಟೆ ಇದೆ, ಕಂಬ ಇಲ್ಲ. ಅಮ್ಮ ಊರಿಗೆ ಹೋಗುವ ಮುಂಚೆ ಅದರ ಮೇಲೆ ಹಿತ್ತಲಲ್ಲಿ ಸಂಡಿಗೆ ಹಾಕಿದ್ದರು, ಅದಕ್ಕೆ ಚೆನ್ನಾಗಿ ಒದಗಿತು. ಕ್ಯಾರವಾನಿನ ಸರ್ವಿಸ್ ಮಾರ್ಚಿಯಲ್ಲಿದೆ. ಆ ಮೂಲೆಗೆ ಮತ್ತೆ ಮೀಟರ್ ಇಡುತ್ತಾರೆ. 15ರ ಒಳಗೆ ಬಂದರೆ ಸಾಕು ಅಂತ ಕಾಯ್ತಾ ಇದ್ದೀನಿ.