ಸ್ಪಿರಿಟ್ ದೀಪದಲ್ಲಿ ಓಡೋ ಸ್ಟರ್ಲಿಂಗ್ ಇಂಜಿನ್ ಮಾಡೆಲ್, ಮಕ್ಕಳಿರೋ ಮನೆಗೆ ತಗೊಳ್ಳಿ

ಕಸ್ತೂರಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಲ್ಲಿ ಇಂಜಿನ್ ಹಾಲ್ ನೋಡಿ ಬಂದ್ಮೇಲೆ ಮಗಳಿಗೆ ಹುಚ್ಚು ಹಿಡೀತು, ಅದಕ್ಕೆ ಎಸ್.ಪಿ. ರೋಡಲ್ಲಿ ಹುಡುಕಿ ತಂದಿದ್ದು ಇದು. ಗಾಜಿನ ಸಿಲಿಂಡರ್, ಹಿತ್ತಾಳೆ ಫ್ಲೈವೀಲ್, ಕೆಳಗೊಂದು ಪುಟ್ಟ ದೀಪ. ದೀಪ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚಕ್ರನ ಬೆರಳಲ್ಲಿ ಒಂಚೂರು ತಳ್ಳಿದ್ರೆ ಟಿಕ್ ಟಿಕ್ ಅಂತ ಶುರು ಆಗತ್ತೆ, ಪಕ್ಕದ ರೂಮಿಗೂ ಕೇಳಲ್ಲ. "ಅಪ್ಪಾ, ಮತ್ತೆ ನಿನ್ ಬೈಕ್ ಯಾಕೆ ಅಷ್ಟು ಸೌಂಡ್ ಮಾಡತ್ತೆ?" ಅಂದ್ಲು.

ಆ ಪ್ರಶ್ನೆಗೆ ಇದನ್ನ ಮುಂದಿಟ್ಕೊಂಡೇ ಉತ್ತರ ಹೇಳಬಹುದು, ನಂಗೆ ಇಷ್ಟ ಆಗಿದ್ದೇ ಅದು. ಬೈಕಲ್ಲಿ ಪೆಟ್ರೋಲ್ ಸಿಲಿಂಡರ್ ಒಳಗೇ ಸುಡತ್ತೆ, ಒಳಗೆ ಇನ್ನೂ ಪ್ರೆಶರ್ ಇರುವಾಗ್ಲೇ ಸುಟ್ಟ ಗ್ಯಾಸ್ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ತೆರ್ಕೊಳತ್ತೆ, ಆ ಗ್ಯಾಸ್ ನುಗ್ಗಿ ಬರೋದೇ ಸೌಂಡು. ಇಲ್ಲಿ ಬೆಂಕಿ ಹೊರಗೆ, ಒಳಗಿರೋದು ಬರೀ ಗಾಳಿ, ಅದೇ ಗಾಳಿ ಬಿಸಿ ಕಡೆಗೂ ತಣ್ಣಗಿರೋ ಕಡೆಗೂ ಓಡಾಡ್ತಾ ಹಿಗ್ಗಿ ಕುಗ್ಗಿ ಪಿಸ್ಟನ್ ತಳ್ಳತ್ತೆ. ವಾಲ್ವೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಸೌದೆ, ಸ್ಪಿರಿಟ್ಟು, ಬಿಸಿಲು, ಯಾವ ಬಿಸಿ ಆದ್ರೂ ಇಂಥ ಇಂಜಿನ್ ಓಡಿಸಬಹುದು. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ರು, ಈಗಿನ ಬೈಕಲ್ಲಿರೋ ಥರದ, ನಿಕೊಲಾಸ್ ಆಟೊ ಅವರ ಫೋರ್ ಸ್ಟ್ರೋಕ್ ಇಂಜಿನ್ ಬಂದಿದ್ದು 1876ರಲ್ಲಿ. ಸ್ವೀಡನ್ನಿನ ಗೋಟ್ಲಂಡ್ ಸಬ್‌ಮರೀನ್‌ಗಳಲ್ಲಿ ಸ್ಟರ್ಲಿಂಗ್ ಇಂಜಿನ್ ಇರೋದಕ್ಕೂ ಸದ್ದಿಲ್ಲದೇ ಓಡೋ ಈ ಗುಣ ಒಂದು ಕಾರಣ.

ಒಂದು ಮಾತ್ರ ತಪ್ಪದೇ ಮಾಡಿ ನೋಡಿ. ಸ್ವಲ್ಪ ಹೊತ್ತು ಓಡಿದ ಮೇಲೆ ಚಕ್ರ ನಿಧಾನ ಆಗತ್ತೆ, ದೀಪ ಚೆನ್ನಾಗೇ ಉರೀತಿರತ್ತೆ. ತಣ್ಣಗಿರಬೇಕಾದ ಕಡೇನೂ ಬಿಸಿ ಆಗಿರತ್ತೆ ಅಷ್ಟೇ. ಆ ಕಡೆಯ ಅಲ್ಯೂಮಿನಿಯಂ ಫಿನ್‌ಗಳ (ಬಿಸಿ ಹೊರಗೆ ಬಿಡೋ ತೆಳು ಪಟ್ಟಿಗಳ) ಮೇಲೆ ಒದ್ದೆ ಬಟ್ಟೆ ಇಡಿ (ಬಿಸಿ ಗಾಜಿಗೆ ತಾಗಿಸಬೇಡಿ, ಒಡೆಯತ್ತೆ), ಮತ್ತೆ ಸ್ಪೀಡ್ ಎತ್ಕೊಳತ್ತೆ! ಎರಡು ಕಡೆ ಬಿಸಿಯ ವ್ಯತ್ಯಾಸದಿಂದಲೇ ಇಂಜಿನ್ ಓಡೋದು ಅಂತ ಮಗುಗೆ ಬೇರೆ ಪಾಠ ಬೇಕಾಗಲ್ಲ.

ಹಾಗಾದ್ರೆ ಬೈಕಿಗೆ ಯಾಕೆ ಹಾಕಲ್ಲ? ಇಲ್ಲಿ ಹೊರಗಿನ ಬಿಸಿ, ಸಿಲಿಂಡರಿನ ಗೋಡೆ ದಾಟಿ ಒಳಗೆ ಹೋಗಬೇಕು, ಅದಕ್ಕೆ ಟೈಮ್ ಬೇಕು, ಗೋಡೆ ತಡ್ಕೊಳೋಷ್ಟೇ ಬಿಸಿ ಮಾಡಬಹುದು. ಪೆಟ್ರೋಲ್ ಇಂಜಿನ್ ಒಳಗೆ ಗ್ಯಾಸು 2000 ಡಿಗ್ರಿ ದಾಟತ್ತೆ, ಆದ್ರೆ ಕ್ಷಣಮಾತ್ರ, ಗೋಡೇನ ಹೊರಗಿಂದ ತಂಪು ಮಾಡ್ತಾನೇ ಇರ್ತಾರೆ. ಅದಕ್ಕೇ ಚಿಕ್ಕ ಇಂಜಿನ್ನಲ್ಲಿ ಅಷ್ಟು ಪವರ್ರು. ಇದರ ದೀಪ ಆರಿಸಿದ್ರೂ ಚಕ್ರ ಸ್ವಲ್ಪ ಹೊತ್ತು ತಿರುಗ್ತಾನೇ ಇರತ್ತೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಲ್ಲಿಸಿ ಓಡಿಸಿ ಮಾಡೋರಿಗೆ ಇದು ಆಗಿಬರಲ್ಲ.

ಕೊರತೆ ಇಲ್ಲ ಅಂತಲ್ಲ. ದೀಪದ ಮುಚ್ಚಳ ಲೂಸು, ಸ್ಪಿರಿಟ್ ಆವಿ ಆಗ್ಹೋಗತ್ತೆ, ಮ್ಯಾನುಯಲ್ ಅಂತ ಕೊಟ್ಟಿರೋ ಚೀಟಿ ಯಾವ ಪ್ರಯೋಜನಕ್ಕೂ ಇಲ್ಲ. ಫ್ಯಾನ್ ಹಾಕಿದ್ರೆ ಜ್ವಾಲೆ ಓಲಾಡಿ ನಿಂತೋಗತ್ತೆ. ಪಿಸ್ಟನ್ನಿಗೆ ಮನೇಲಿರೋ ಎಣ್ಣೆ ಗಿಣ್ಣೆ ಬಿಡಬೇಡಿ, ಜಾಮ್ ಆಗತ್ತೆ. ಸ್ಪಿರಿಟ್ ಜ್ವಾಲೆ ಬೆಳಕಲ್ಲಿ ಸರಿಯಾಗಿ ಕಾಣಲ್ಲ, ಮಕ್ಕಳ ಕೈಗೆ ಒಬ್ಬರನ್ನೇ ಬಿಟ್ಟು ಕೊಡಬೇಡಿ. ಐದಕ್ಕೆ ನಾಲ್ಕು ಸ್ಟಾರ್, ದೀಪ ಸರಿ ಮಾಡಿ ಕೊಟ್ರೆ ಐದೂ ಕೊಡ್ತೀನಿ.